ಆಗುಂಬೆಯ ಮಳೆಗೆ ಅಡ್ವೆಂಚರ್ ಬೈಕ್: ಯಾವ ಹೊಸ ತಂತ್ರಜ್ಞಾನಕ್ಕೆ ಹಣ ಕೊಡುವುದು ಸಾರ್ಥಕ?

ಹೆಬ್ರಿ ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಕೆಲಸಕ್ಕಿದ್ದು, ಹೆಬ್ರಿಯಿಂದ ದಿನವೂ ಬೈಕಿನಲ್ಲೇ ಹೋಗಿ ಬರುವವನು. ಹನ್ನೊಂದು ವರ್ಷಗಳಿಂದ ಒಂದೇ 150 ಸಿಸಿ ಬೈಕಿನಲ್ಲಿ ಆಗುಂಬೆ, ಕುದುರೆಮುಖ, ಚಾರ್ಮಾಡಿಗಳನ್ನೆಲ್ಲ ಹತ್ತಿ ಇಳಿದಿದ್ದೇನೆ. ಈಗ ಅದಕ್ಕೆ ವಿಶ್ರಾಂತಿ ಕೊಟ್ಟು, ನಾಲ್ಕು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ, ಹೆದ್ದಾರಿಗೂ ಕಚ್ಚಾ ದಾರಿಗೂ ಒಗ್ಗುವ ಅಡ್ವೆಂಚರ್ ಟೂರಿಂಗ್ ವರ್ಗದ ಬೈಕೊಂದನ್ನು ಕೊಳ್ಳುವ ಮನಸ್ಸಾಗಿದೆ.

ಈ ವರ್ಗದ ಮೇಲಿನ ನನ್ನ ಮೋಹಕ್ಕೆ ವೇಗವಾಗಲಿ, ಲಡಾಖಿನ ಫೋಟೊಗಳಾಗಲಿ ಕಾರಣವಲ್ಲ. ಕೆಲವು ವರ್ಷಗಳ ಹಿಂದೆ ಮರವಂತೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಆ ದಾರಿಯ ಅಂಚಿನಲ್ಲಿ, ಬಿಎಂಡಬ್ಲ್ಯು ಕಂಪನಿಯ ಜಿಎಸ್ ಎಂಬ ದೊಡ್ಡ ಅಡ್ವೆಂಚರ್ ಬೈಕೊಂದು ನಿಂತಿತ್ತು. ಅದರ ಒಡೆಯರು ಚಹಾ ಕುಡಿದು ಮುಗಿಸುವವರೆಗೂ ನಾನು ಹಿಂದಿನ ಚಕ್ರದ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೋಡುತ್ತಲೇ ಇದ್ದೆ. ಚಕ್ರವನ್ನು ಹಿಡಿದಿದ್ದುದು ಒಂದೇ ಒಂದು ತೋಳು. ಇನ್ನೊಂದು ಬದಿ ಪೂರ್ತಿ ಖಾಲಿ. ಚೈನ್ ಎಂಬುದೇ ಇಲ್ಲ. ಅಂದಿನಿಂದ ಇಂಥ ಬೈಕುಗಳ ಒಳಗಿನ ಯುಕ್ತಿಗಳನ್ನು ಹುಡುಕಿ ಹುಡುಕಿ ಓದುವುದು ಚಟವಾಗಿಬಿಟ್ಟಿದೆ.

ಓದಿದಷ್ಟೂ ಆಯ್ಕೆ ಮಾತ್ರ ಕಷ್ಟವಾಗುತ್ತಿದೆ. ಕಾರ್ನರಿಂಗ್ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್‌ನ ತಿರುವಿನ ರೂಪ), ಟ್ರ್ಯಾಕ್ಷನ್ ಕಂಟ್ರೋಲ್ (ಥ್ರಾಟಲ್ ಕೊಟ್ಟಾಗ ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುವುದು), ರೈಡ್ ಬೈ ವೈರ್ (ಕೇಬಲ್ ಬದಲು ವಿದ್ಯುತ್ ಸಂಕೇತದಿಂದ ನಡೆಯುವ ಥ್ರಾಟಲ್), ಸುತ್ತಲಿನ ವಾಹನಗಳನ್ನು ಗುರುತಿಸುವ ರಾಡಾರ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಇವುಗಳಲ್ಲಿ ಸೋಮೇಶ್ವರದಿಂದ ಆಗುಂಬೆಯವರೆಗಿನ 14 ಹೇರ್‌ಪಿನ್ ತಿರುವುಗಳಲ್ಲಿ, ಜುಲೈ ತಿಂಗಳ ಮಳೆಯಲ್ಲಿ, ರಸ್ತೆಯ ಮೇಲೆ ಪಾಚಿ ಮತ್ತು ಕೊಳೆತ ಎಲೆ ಇರುವಾಗ ನಿಜಕ್ಕೂ ಕೆಲಸಕ್ಕೆ ಬರುವುದು ಯಾವುದು? ಹಾಗೆಯೇ, ನಮ್ಮ ಉಪ್ಪುಗಾಳಿಯಲ್ಲಿ ಇಷ್ಟೆಲ್ಲ ಸೆನ್ಸರುಗಳು ಎಷ್ಟು ಕಾಲ ಬಾಳುತ್ತವೆ? ನನ್ನ ಎತ್ತರ 5 ಅಡಿ 4 ಅಂಗುಲ ಎಂಬುದನ್ನೂ ಗಮನಕ್ಕೆ ತರುತ್ತೇನೆ.

ಮುರಕಲ್ಲು:

ಮಂಗಳೂರಿನಲ್ಲಿ ಮೆಕ್ಯಾನಿಕಲ್ ವಿಭಾಗದ ಹುಡುಗರಿಗೆ ಪಾಠ ಹೇಳುವುದು ನನ್ನ ವೃತ್ತಿಯಾದ್ದರಿಂದ, ಉತ್ತರ ಉದ್ದವಾದರೆ ಮನ್ನಿಸಬೇಕು.

ನೀವು ಮರವಂತೆಯಲ್ಲಿ ಕಂಡ ಒಂಟಿ ತೋಳಿನಿಂದಲೇ ಹೊರಡೋಣ. 1980ರಲ್ಲಿ ಬಂದ ಬಿಎಂಡಬ್ಲ್ಯು ಆರ್80 ಜಿ/ಎಸ್ ಬೈಕಿನಲ್ಲಿ, ಸಿಲಿಂಡರುಗಳು ಎರಡೂ ಬದಿಗೆ ಚಾಚಿದ 797 ಸಿಸಿ ಬಾಕ್ಸರ್ ಇಂಜಿನ್, ಚೈನಿನ ಬದಲು ಶಾಫ್ಟ್ ಎಂಬ ತಿರುಗುವ ದಂಡ ಮತ್ತು ಹಿಂದಿನ ಚಕ್ರ ಹಿಡಿಯುವ ಒಂದೇ ಬದಿಯ ತೋಳು, ಅಂದರೆ ಸ್ವಿಂಗ್‌ಆರ್ಮ್ ಒಟ್ಟಿಗೆ ಕೂಡಿದ್ದವು. ಮರುವರ್ಷವೇ ಫ್ರಾನ್ಸಿನ ಸವಾರ ಯೂಬೇರ್ ಓರಿಯೋಲ್ ಬಿಎಂಡಬ್ಲ್ಯು ಏರಿ ಪ್ಯಾರಿಸ್–ಡಕಾರ್ ಮರುಭೂಮಿ ರ್ಯಾಲಿ ಗೆದ್ದಮೇಲೆ, ಇಷ್ಟು ಭಾರದ ಬೈಕು ಮರಳಿನಲ್ಲಿ ಏನು ಮಾಡೀತು ಎಂದು ನಕ್ಕವರು ಸುಮ್ಮನಾಗಬೇಕಾಯಿತು. ಆದರೆ ಶಾಫ್ಟಿಗೆ ಒಂದು ಕೆಟ್ಟ ಅಭ್ಯಾಸವಿದೆ: ಥ್ರಾಟಲ್ ಕೊಟ್ಟರೆ ಬೈಕಿನ ಹಿಂಭಾಗ ಮೇಲೇಳುತ್ತದೆ, ಬಿಟ್ಟರೆ ಕುಸಿಯುತ್ತದೆ. 1987ರಲ್ಲಿ ಆ ತೋಳಿಗೆ ಇನ್ನೊಂದು ಕೀಲನ್ನೂ ಜೊತೆಗೊಂದು ಸಲಾಕೆಯನ್ನೂ ಸೇರಿಸಿ, ನಾಲ್ಕು ಬಾಹುಗಳ ಚೌಕಟ್ಟು ಮಾಡಿ ಅದನ್ನು ಬಹುಮಟ್ಟಿಗೆ ಹತೋಟಿಗೆ ತಂದರು. ಇದೇ ಪ್ಯಾರಾಲೆವರ್.

ನನ್ನನ್ನು ಹೆಚ್ಚು ಮರುಳು ಮಾಡಿರುವುದು ಮಾತ್ರ 1993ರಲ್ಲಿ ಬಂದ ಟೆಲಿಲೆವರ್ ಎಂಬ ಮುಂಭಾಗದ ಸಸ್ಪೆನ್ಷನ್. ಆಗುಂಬೆ ಇಳಿಯುವಾಗ ನಿಮ್ಮ ಈಗಿನ ಬೈಕಿನಲ್ಲಿ ಏನಾಗುತ್ತದೆ ಎಂದು ನೆನಪಿಸಿಕೊಳ್ಳಿ. ಮುಂದಿನ ಬ್ರೇಕ್ ಹಿಡಿದ ಕೂಡಲೇ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಜೋಡಿ ಕೊಳವೆ) ಒಳಗೆ ಕುಸಿಯುತ್ತದೆ, ಹ್ಯಾಂಡಲಿನ ಕೋನ ಬದಲಾಗುತ್ತದೆ, ಹೊಂಡ ಬಂದಾಗ ತಾಳಿಕೊಳ್ಳಲು ಸ್ಪ್ರಿಂಗಿನಲ್ಲಿ ಉಳಿದಿರುವ ಚಲನೆಯೇ ಅಲ್ಪ. ತಿರುಗಿಸುವುದು, ಬ್ರೇಕಿನ ಬಲ ತಡೆಯುವುದು, ಹೊಂಡವನ್ನು ನುಂಗುವುದು, ಈ ಮೂರೂ ಕೆಲಸಗಳನ್ನು ಒಂದೇ ಜೋಡಿ ಕೊಳವೆಗಳ ಮೇಲೆ ಹೇರಿದ್ದರ ಫಲವಿದು. ಟೆಲಿಲೆವರಿನಲ್ಲಿ ಎ ಆಕಾರದ ತೋಳೊಂದು ಬ್ರೇಕಿನ ಬಲವನ್ನು ನೇರವಾಗಿ ಬೈಕಿನ ಒಡಲಿಗೆ ಸಾಗಿಸುತ್ತದೆ, ನಡುವಿನ ಒಂದೇ ಸ್ಪ್ರಿಂಗ್ ಹೊಂಡವನ್ನು ನೋಡಿಕೊಳ್ಳುತ್ತದೆ, ಕೊಳವೆಗಳಿಗೆ ಉಳಿಯುವುದು ಚಕ್ರಕ್ಕೆ ದಾರಿ ತೋರಿಸುವ ಕೆಲಸವಷ್ಟೇ. ಬ್ರೇಕ್ ಹಿಡಿದರೂ ಮುಂಭಾಗ ಅಷ್ಟಾಗಿ ಬಗ್ಗುವುದಿಲ್ಲ. ಮುಂದಿನ ಚಕ್ರ ಏನು ಹೇಳುತ್ತಿದೆ ಎಂದು ಕೈಗೆ ತಿಳಿಯುವುದಿಲ್ಲವೆಂದು ದೂರುವವರೂ ಇದ್ದಾರೆ, ಆ ದೂರಿನಲ್ಲಿ ಸ್ವಲ್ಪ ಹುರುಳಿದೆ.

ಇವು ಯಾವುವೂ ನಿಮ್ಮ ಬೆಲೆಗೆ ದಕ್ಕುವುದಿಲ್ಲ; ನನ್ನದಕ್ಕೂ ದಕ್ಕಿಲ್ಲ. ದಕ್ಕುವವುಗಳಲ್ಲಿ ಮೊದಲು ಹಣ ಕೊಡಬೇಕಾದದ್ದು ಕಾರ್ನರಿಂಗ್ ಎಬಿಎಸ್‌ಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಟೈರಿನ ಹಿಡಿತವನ್ನು ತಿಂಗಳ ಸಂಬಳವೆಂದುಕೊಳ್ಳಿ. ನೇರ ರಸ್ತೆಯಲ್ಲಿ ಅಷ್ಟನ್ನೂ ಬ್ರೇಕಿಗೆ ಖರ್ಚು ಮಾಡಬಹುದು. ವಾಲಿದಾಗ ಅದರ ದೊಡ್ಡ ಪಾಲು ತಿರುವಿಗೇ ಹೋಗಿರುತ್ತದೆ. ಮಳೆಯಲ್ಲಿ ಸಂಬಳವೇ ಅರ್ಧ ಕಡಿತ. ಸಾಮಾನ್ಯ ಎಬಿಎಸ್‌ಗೆ ಚಕ್ರ ನಿಲ್ಲುತ್ತಿದೆಯೆಂಬುದು ಮಾತ್ರ ಗೊತ್ತಾಗುತ್ತದೆಯೇ ಹೊರತು ಬೈಕು ಎಷ್ಟು ವಾಲಿದೆಯೆಂಬುದು ಗೊತ್ತಾಗುವುದಿಲ್ಲ. ಕಾರ್ನರಿಂಗ್ ಎಬಿಎಸ್‌ನಲ್ಲಿರುವ ಸೆನ್ಸರ್ ವಾಲಿಕೆಯನ್ನು ಕ್ಷಣಕ್ಷಣಕ್ಕೂ ಅಳೆದು, ಬ್ರೇಕಿನ ಒತ್ತಡ ಏರುವ ವೇಗವನ್ನೇ ತಗ್ಗಿಸುತ್ತದೆ. 2013ರಲ್ಲಿ ಕೆಟಿಎಂ ತನ್ನ 1190 ಅಡ್ವೆಂಚರಿಗೆ ಬಾಷ್ ರೂಪಿಸಿದ ಈ ವ್ಯವಸ್ಥೆಯನ್ನು ಮೊದಲು ಅಳವಡಿಸಿತು. ಏಳೇ ವರ್ಷಗಳಲ್ಲಿ, 2020ರ 390 ಅಡ್ವೆಂಚರ್ ಮೂಲಕ ಅದು ನಮ್ಮ ಕೈಗೆಟಕುವ ಬೆಲೆಗೆ ಇಳಿಯಿತು. ತಿರುವಿನ ನಡುವೆ ಎದುರಿಗೆ ಬಸ್ಸು ಕಂಡಾಗ ಎಂಥ ಅನುಭವಿಯ ಬೆರಳೂ ಗಾಬರಿಯಿಂದ ಬಿಗಿಯುತ್ತದೆ. ಆ ಬೆರಳಿಗಾಗಿಯೇ ಮಾಡಿದ ಉಪಕರಣವಿದು.

ರಾಡಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆಯೂ ಹಿಂದೆಯೂ ರಾಡಾರ್ ಹೊತ್ತ ಮೊದಲ ಬೈಕಾಗಿ 2020ರಲ್ಲಿ ಡುಕಾಟಿಯ ಮಲ್ಟಿಸ್ಟ್ರಾಡಾ ವಿ4 ಬಂದಾಗ ನಾನೂ ಕಣ್ಣರಳಿಸಿ ಓದಿದ್ದೆ. ಆದರೆ ಪಡುಬಿದ್ರಿ–ಮೂಲ್ಕಿ ನಡುವೆ ವಿರುದ್ಧ ದಿಕ್ಕಿನಿಂದ ನೆಮ್ಮದಿಯಾಗಿ ಬರುವ ಸ್ಕೂಟರಿನ ಮನೋಗತವನ್ನು ಅದು ಹೇಗೆ ಓದೀತು?

ಕೊನೆಗೊಂದು, ನಿಮ್ಮ ಚಟಕ್ಕಾಗಿ: ಬಿಎಂಡಬ್ಲ್ಯುಗಾಗಿ ಟಿವಿಎಸ್ ಹೊಸೂರಿನಲ್ಲಿ ತಯಾರಿಸಿದ 313 ಸಿಸಿಯ ಜಿ310 ಜಿಎಸ್ ಎಲ್ಲಾದರೂ ಕಂಡರೆ ಬಗ್ಗಿ ನೋಡಿ. ಸಿಲಿಂಡರ್ ಹಿಂದಕ್ಕೆ ವಾಲಿದೆ. ಗಾಳಿ ಮುಂದಿನಿಂದ ಒಳಹೋಗಿ ಹೊಗೆ ಹಿಂದಿನಿಂದ ಹೊರಬರುತ್ತದೆ. ಇಂಜಿನ್ನಿನ ಭಾರ ಮುಂದಿನ ಚಕ್ರದತ್ತ ಸರಿದು, ಚಕ್ರಗಳ ನಡುವಿನ ಅಂತರ ಹೆಚ್ಚದೆಯೇ ಸ್ವಿಂಗ್‌ಆರ್ಮ್ ಉದ್ದವಾಗುತ್ತದೆ. ಸವಾರಿಯಲ್ಲಿ ಇದರ ಅರಿವೇ ಆಗದಿರಬಹುದು. ನೋಡಲು ಮಾತ್ರ ಬಲು ಚೆಂದ.

ಹತ್ತು ಹನ್ನೊಂದರ ಸ್ಪ್ಯಾನರ್:

ಮೇಲಿನ ಪಾಠ ಚೆನ್ನಾಗಿದೆ. ಕುಂದಾಪುರದ ಹತ್ತಿರ ಗ್ಯಾರೇಜ್ ಇಟ್ಟಿರುವ ನಾನು ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಸೆನ್ಸರುಗಳು ಸಾಯುವುದು ಅಪರೂಪ. ಸಾಯುವುದು ಅವುಗಳ ತಂತಿ ಜೋಡಿಸುವ ಕನೆಕ್ಟರುಗಳು. ರಬ್ಬರ್ ಸೀಲ್ ಒಮ್ಮೆ ಸಡಿಲವಾದರೆ ಉಪ್ಪಿನ ತೇವ ಒಳಹೊಕ್ಕು ಪಿನ್ನಿನ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಮೀಟರಿನಲ್ಲಿ ಎಬಿಎಸ್ ದೀಪ ಉರಿಯುತ್ತದೆ, ಒಡೆಯರು ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸಲು ಸಿದ್ಧರಾಗಿ ಬರುತ್ತಾರೆ. ಹತ್ತರಲ್ಲಿ ಏಳೆಂಟು ಬೈಕುಗಳಿಗೆ ನಾನು ಮಾಡುವುದು ಕನೆಕ್ಟರನ್ನು ಬಿಚ್ಚಿ ಸ್ವಚ್ಛಗೊಳಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುವುದಷ್ಟೇ. ಅದನ್ನು ಮೇ ತಿಂಗಳಲ್ಲೇ, ಮಳೆ ಹಿಡಿಯುವ ಮೊದಲು, ಒಮ್ಮೆ ಮಾಡಿಸಿಕೊಳ್ಳಿ. ಇನ್ನು ಕಡಲ ಗಾಳಿಗಿಂತ ನಾನು ಹೆದರುವುದು ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರುವ ನೀರಿಗೆ. ಅದರ ಮೇಲೆ ಟೈರೂ ಜಾರುತ್ತದೆ, ಅದು ಸಿಡಿದು ಕುಳಿತಲ್ಲಿ ಲೋಹವೂ ಸವೆಯುತ್ತದೆ. ಮನೆ ಮುಟ್ಟಿದ ಮೇಲೆ ಬಾವಿಯ ನೀರು ಹೊಯ್ಯಿರಿ. ಪ್ರೆಷರ್ ವಾಷರಿನ ಮೂತಿಯನ್ನು ಮಾತ್ರ ರೇಡಿಯೇಟರ್, ಬೇರಿಂಗ್ ಮತ್ತು ವೈರಿಂಗಿನ ಹತ್ತಿರ ಒಯ್ಯಬೇಡಿ.

ಮೇಲಿನವರು ಒಂದನ್ನು ಬಿಟ್ಟಿದ್ದಾರೆ: ಕಡ್ಡಿಯ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರ್. ಮಾಮೂಲಿ ಚಕ್ರದಲ್ಲಿ ಕಡ್ಡಿಗಳು ರಿಮ್ಮಿನ ನಡುಭಾಗವನ್ನು ತೂತು ಮಾಡಿ ಹಾದಿರುತ್ತವೆ, ಆದ್ದರಿಂದ ಗಾಳಿ ನಿಲ್ಲಲು ಒಳಗೆ ಟ್ಯೂಬ್ ಬೇಕೇ ಬೇಕು. ಕಡ್ಡಿಗಳನ್ನು ರಿಮ್ಮಿನ ಹೊರ ಅಂಚಿಗೆ ಕಟ್ಟಿ ಈ ಸಮಸ್ಯೆಯನ್ನು ಬಿಎಂಡಬ್ಲ್ಯು 1987ರಷ್ಟು ಹಿಂದೆಯೇ ಬಿಡಿಸಿತ್ತು. ನಮ್ಮ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 450ಗೆ ಟ್ಯೂಬ್‌ಲೆಸ್ ಕಡ್ಡಿ ಚಕ್ರ ಬಂದದ್ದು 2024ರಲ್ಲಿ. ಕೆರೆಕಟ್ಟೆಯ ಕಾಡಿನ ನಡುವೆ, ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗದಲ್ಲಿ, ಮಳೆಯಲ್ಲಿ ನೆನೆಯುತ್ತ ಚಕ್ರ ಬಿಚ್ಚಿ ಟ್ಯೂಬ್ ಹೊರಗೆಳೆದವನಿಗೆ ಇದರ ಬೆಲೆ ಗೊತ್ತು. ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ಬತ್ತಿ ತುರುಕಿ, ಪಂಪಿನಿಂದ ಗಾಳಿ ತುಂಬಿ ಹತ್ತು ನಿಮಿಷದಲ್ಲಿ ಹೊರಡಬಹುದು.

ಬೆಳ್ತಂಗಡಿ ಬಾಬು:

ನನ್ನದು ಸ್ವಲ್ಪ ಅಪಸ್ವರ. ಇಷ್ಟು ಹೊತ್ತಾದರೂ ಯಾರೂ ತೂಕದ ಮಾತೆತ್ತಿಲ್ಲ.

ನಾನು ಮೊದಲು ಕೊಂಡದ್ದು 220 ಕಿಲೋಗೂ ಮೀರಿದ ಬೈಕು; ಯಾವುದೆಂದು ಹೇಳುವುದಿಲ್ಲ, ತಪ್ಪು ಬೈಕಿನದ್ದಲ್ಲ. ಆಗಸ್ಟಿನ ಒಂದು ಸಂಜೆ ಸಂಬಂಧಿಕರ ಅಡಿಕೆ ತೋಟದ ಕೆಂಪು ಮಣ್ಣಿನ ದಾರಿಯಲ್ಲಿ, ನಡೆಯುವಷ್ಟೇ ನಿಧಾನವಾಗಿ ಹೋಗುತ್ತಿದ್ದಾಗ ನಿಲ್ಲಿಸಲು ಎಡಗಾಲು ಇಟ್ಟೆ. ಕಾಲು ಜಾರಿತು, ಬೈಕು ತೋಡಿನ ಕಡೆಗೆ ಮಲಗಿತು. ಟ್ರ್ಯಾಕ್ಷನ್ ಕಂಟ್ರೋಲ್, ಮೂರು ರೈಡಿಂಗ್ ಮೋಡ್ ಎಲ್ಲವೂ ಇದ್ದವು. ಎತ್ತಲು ಮಾತ್ರ ನಾನೊಬ್ಬನೇ ಇದ್ದೆ. ತೋಟದ ಕೆಲಸ ಮುಗಿಸಿ ಹೊರಟಿದ್ದ ಇಬ್ಬರು ಬರುವವರೆಗೆ ಅಲ್ಲೇ ಇಂಬಳ ಕೀಳುತ್ತ ನಿಂತಿದ್ದೆ. ಅದನ್ನು ಮಾರಿ ಈಗ ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 ಇಟ್ಟುಕೊಂಡಿದ್ದೇನೆ. ತೂಕ ಸುಮಾರು 160 ಕಿಲೋ, ಬಿದ್ದರೆ ಒಬ್ಬನೇ ಎತ್ತುತ್ತೇನೆ. ಹೆದ್ದಾರಿಯಲ್ಲಿ ಅದಕ್ಕೆ ದಮ್ಮಿಲ್ಲ ಎಂಬುದನ್ನು ಒಪ್ಪುತ್ತೇನೆ.

ಎತ್ತರ ಕಡಿಮೆ ಇರುವವರಿಗಾಗಿ ಈಚೆಗೆ ಬಂದಿರುವ ನಿಜವಾದ ಹೊಸತೆಂದರೆ, 2021ರಲ್ಲಿ ಹಾರ್ಲೆ ಡೇವಿಡ್‌ಸನ್ ತನ್ನ ಪ್ಯಾನ್ ಅಮೆರಿಕಾದಲ್ಲಿ ತಂದ ವ್ಯವಸ್ಥೆ: ಬೈಕು ನಿಲ್ಲುವ ಹೊತ್ತಿಗೆ ಸಸ್ಪೆನ್ಷನ್ ತಾನಾಗಿ ತಗ್ಗುತ್ತದೆ, ಹೊರಟಮೇಲೆ ಮತ್ತೆ ಏರುತ್ತದೆ. ನಮ್ಮ ಬೆಲೆಯ ಬೈಕುಗಳಿಗೆ ಅದು ಇಳಿದು ಬರುವ ದಿನ ನಾನೇ ಮೊದಲು ಸಾಲಿನಲ್ಲಿ ನಿಲ್ಲುತ್ತೇನೆ.

ಹೆಬ್ರಿ ಸವಾರ:

ಮೂವರಿಗೂ ಕೃತಜ್ಞತೆಗಳು. ಈಗ ಇಕ್ಕಟ್ಟು ಸ್ಪಷ್ಟವಾಗಿದೆ. ನಾನು ನೋಡಿದ ಹಳೆಯ ಮಾದರಿಯ (2025ಕ್ಕೆ ಮುಂಚಿನ) 390 ಅಡ್ವೆಂಚರಿನಲ್ಲಿ ಕಾರ್ನರಿಂಗ್ ಎಬಿಎಸ್ ಇದೆ, ಆದರೆ ಸೀಟು 855 ಮಿ.ಮೀ. ಎತ್ತರ, ನನಗೆ ಬೆರಳ ತುದಿಯಷ್ಟೇ ನೆಲ ಮುಟ್ಟುತ್ತದೆ. ಹಿಮಾಲಯನ್ 450ರಲ್ಲಿ ಸೀಟನ್ನು 825 ಮಿ.ಮೀ.ಗೆ ಇಳಿಸಬಹುದು, ಮುಂದೆ ಹೊಂಡಗಳನ್ನು ಸಲೀಸಾಗಿ ದಾಟುವ 21 ಅಂಗುಲದ ಚಕ್ರ, ಎರಡೂ ಕಡೆ 200 ಮಿ.ಮೀ. ಸಸ್ಪೆನ್ಷನ್ ಚಲನೆ ಇದೆ; ಆದರೆ ಎಬಿಎಸ್ ಸಾಮಾನ್ಯದ್ದು, ತೂಕ 196 ಕಿಲೋ. ಇನ್ನೊಂದು ಸಂದೇಹ: ಇಷ್ಟು ಕಷ್ಟಪಟ್ಟು ರೂಪಿಸಿದ ಎಬಿಎಸ್ ಅನ್ನು ಹಿಂದಿನ ಚಕ್ರಕ್ಕೆ ಬಂದ್ ಮಾಡುವ ಗುಂಡಿಯನ್ನೂ ಇವರೇ ಕೊಟ್ಟಿದ್ದಾರಲ್ಲ, ಏಕೆ?

ಮುರಕಲ್ಲು:

ಗಟ್ಟಿ ರಸ್ತೆಯಲ್ಲಿ ಉರುಳುತ್ತಿರುವ ಟೈರಿಗೆ ಹಿಡಿತ ಹೆಚ್ಚು, ಆದ್ದರಿಂದ ಚಕ್ರ ನಿಂತುಬಿಡದಂತೆ ಎಬಿಎಸ್ ಕಾಯುತ್ತದೆ. ಸಡಿಲ ಜಲ್ಲಿಯಲ್ಲಿ ಹಾಗಲ್ಲ. ನಿಂತ ಚಕ್ರ ತನ್ನ ಮುಂದೆ ಜಲ್ಲಿಯನ್ನು ರಾಶಿ ಮಾಡಿಕೊಂಡು, ಆ ರಾಶಿಗೇ ಒತ್ತಿಕೊಂಡು ನಿಲ್ಲುತ್ತದೆ. ಎಬಿಎಸ್ ಅಲ್ಲಿ ಬ್ರೇಕನ್ನು ಮತ್ತೆ ಮತ್ತೆ ಬಿಡುವುದರಿಂದ ರಾಶಿ ಕಟ್ಟುವುದೇ ಇಲ್ಲ, ಬೈಕು ಇಳಿಜಾರಿನಲ್ಲಿ ಮುಂದೆ ಮುಂದೆ ಹೋಗುತ್ತಲೇ ಇರುತ್ತದೆ. ಗುಂಡಿ ಇರುವುದು ಅದಕ್ಕಾಗಿ. ಡಾಂಬರು ಸಿಕ್ಕ ಕೂಡಲೇ ಮತ್ತೆ ಚಾಲೂ ಮಾಡಿ; ಪಾಚಿ ಕಟ್ಟಿದ ಘಾಟಿ ರಸ್ತೆಯನ್ನು ಜಲ್ಲಿಯೆಂದು ಭಾವಿಸಬೇಡಿ, ಅಲ್ಲಿ ಎಬಿಎಸ್ ಬೇಕೇ ಬೇಕು. ಕುದುರೆಮುಖದ ಕಾಡಿನೊಳಗೆ ಜೀಪು ಹೋದ ಜಾಡು ಕಂಡಿತೆಂದು ಬೈಕು ನುಗ್ಗಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ, ಅದು ರಾಷ್ಟ್ರೀಯ ಉದ್ಯಾನ.

ಎರಡರಲ್ಲಿ ಒಂದನ್ನು ಹೇಳಲೇಬೇಕೆಂದರೆ, ನಿಮ್ಮ ಎತ್ತರಕ್ಕೆ ನಾನು ಹಿಮಾಲಯನ್ನಿನ ಕಡೆ ವಾಲುತ್ತೇನೆ. ಕಾರ್ನರಿಂಗ್ ಎಬಿಎಸ್‌ಗೇ ಮೊದಲು ಹಣ ಕೊಡಿ ಎಂದವನೂ ನಾನೇ, ಹೌದು. ಅದು ಕಾಯುವುದು ವರ್ಷಕ್ಕೊಮ್ಮೆ ಬರಬಹುದಾದ ಒಂದು ಕ್ಷಣವನ್ನು. ನೆಲಕ್ಕೆ ಎಟಕದ ಕಾಲಿನ ಕಷ್ಟವಾದರೋ ದಿನಕ್ಕೆ ಹತ್ತು ಸಲದ್ದು.

ಹತ್ತು ಹನ್ನೊಂದರ ಸ್ಪ್ಯಾನರ್:

ಟೆಸ್ಟ್ ರೈಡಿಗೆ ಹೋಗುವಾಗ ಚಪ್ಪಲಿಯಲ್ಲಿ ಹೋಗಬೇಡಿ, ಮಳೆಗಾಲದಲ್ಲಿ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ. ಅಟ್ಟೆ ಒಂದಂಗುಲ ದಪ್ಪವಿದ್ದರೆ 855 ಮಿ.ಮೀ. ಸೀಟಿನ ಲೆಕ್ಕವೂ ಬದಲಾದೀತು. ಶೋರೂಮಿನ ಟೈಲ್ಸಿನ ಮೇಲೆ ಕುಳಿತು ನೋಡಿ ತೀರ್ಮಾನಿಸಲೂಬೇಡಿ. ಹೊರಗೆ ರಸ್ತೆ ಒಂದು ಬದಿಗೆ ಇಳಿಜಾರಾಗಿರುವ ಕಡೆ ನಿಲ್ಲಿಸಿ, ತಗ್ಗಿನ ಬದಿಗೆ ಕಾಲಿಟ್ಟು ನೋಡಿ.