ಮಾವನ ಸ್ಟ್ಯಾಂಪ್ ಆಲ್ಬಂ ಆನ್‌ಲೈನ್ ಹರಾಜಿಗೆ: ಕೈಗೆ ನಿಜವಾಗಿ ಎಷ್ಟು ಬರುತ್ತೆ? ಮೋಸ ಎಲ್ಲಿ ಆಗುತ್ತೆ?

ಆಲ್ಬಂ ವಾರಸುದಾರ

ಎಲ್ಲರಿಗೂ ನಮಸ್ಕಾರ. ನನ್ನ ಸೋದರಮಾವ ನಲವತ್ತು ವರ್ಷ ಸ್ಟ್ಯಾಂಪ್ ಕೂಡಿಸಿದವರು. ಅವರು ಹೋದ ಮೇಲೆ ಎರಡು ದಪ್ಪ ಆಲ್ಬಂ, ಒಂದು ಶೂ ಡಬ್ಬದ ತುಂಬ ಬಿಡಿ ಸ್ಟ್ಯಾಂಪ್ ನನ್ನ ಪಾಲಿಗೆ ಬಂದಿವೆ. ನನಗೆ ಈ ಹುಚ್ಚು ಇಲ್ಲ. ಬೀರುವಿನಲ್ಲಿ ಕೊಳೆಯೋದಕ್ಕಿಂತ ಇಷ್ಟಪಡುವವರ ಕೈ ಸೇರಲಿ ಅಂತ ಹರಾಜಿಗೆ ಹಾಕೋಣ ಅಂದುಕೊಂಡೆ.

ಮೊದಲು ಸುಮ್ನೆ ನೋಡೋಣ ಅಂತ ಡಬ್ಬದಿಂದ ಒಂದು ಹಿಡಿ ತೆಗೆದು ಒಂದು ಸೈಟಿನಲ್ಲಿ ಹಾಕಿದೆ. ‘ಪಟ್ಟಿ ಮಾಡೋದು ಉಚಿತ’ ಅಂತ ದೊಡ್ಡದಾಗಿ ಬರೆದಿತ್ತು. ಹರಾಜು ಚೆನ್ನಾಗೇ ಆಯ್ತು. ಆದರೆ ಖಾತೆಗೆ ಬಂದದ್ದು ಕೂಗಿದ ಬೆಲೆಯ ಮುಕ್ಕಾಲು ಪಾಲು ಮಾತ್ರ. ಉಳಿದದ್ದು ಎಲ್ಲಿ ಹೋಯ್ತು ಅಂತ ಲೆಕ್ಕ ಹತ್ತಲಿಲ್ಲ.

ಆಮೇಲೆ ಆಲ್ಬಂನಲ್ಲಿದ್ದ ‘ಪೆನ್ನಿ ಬ್ಲ್ಯಾಕ್’ ಅನ್ನೋ ಒಂದು ಹಳೇ ಸ್ಟ್ಯಾಂಪ್ ಹಾಕಿದೆ. ಹಾಕಿ ಎರಡು ಗಂಟೆ ಆಗಿಲ್ಲ, ಒಬ್ಬರ ಮೆಸೇಜ್ ಬಂತು. ‘ಹರಾಜು ನಿಲ್ಲಿಸಿ, ನೀವು ಹೇಳಿದ್ದಕ್ಕಿಂತ ಜಾಸ್ತಿ ಕೊಡ್ತೀನಿ. ನನ್ನ ಏಜೆಂಟ್ ಬಂದು ಒಯ್ತಾನೆ, ಅವನ ಕೂಲಿಯನ್ನೂ ಸೇರಿಸಿ ನಿಮಗೇ ಕಳಿಸ್ತೀನಿ, ನೀವು ಅವನಿಗೆ ಕೊಟ್ಟುಬಿಡಿ’ ಅಂತ. ಕಮಿಷನ್ ಉಳಿಯುತ್ತೆ ಅಂತ ಆಸೆ ಆಗ್ತಿದೆ, ಜೊತೆಗೆ ಭಯನೂ ಆಗ್ತಿದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಭೂತಗನ್ನಡಿ

ಮೊದಲು ಆ ಮೆಸೇಜಿಗೆ ಉತ್ತರ ಕೊಡಬೇಡಿ. ಇದು ಹಳೇ ಆಟ. ಬೆಲೆಗಿಂತ ಜಾಸ್ತಿ ದುಡ್ಡಿನ ಚೆಕ್ಕೋ, ‘ದುಡ್ಡು ಬಂದಿದೆ’ ಅನ್ನೋ ನಕಲಿ ಇಮೇಲೋ ಬರುತ್ತೆ. ನೀವು ಏಜೆಂಟನ ಕೂಲಿ ಅಂತ ನಿಮ್ಮ ಕೈಯಿಂದ ಕೊಡ್ತೀರಿ. ಒಂದೆರಡು ವಾರಕ್ಕೆ ಚೆಕ್ ವಾಪಸ್. ಸ್ಟ್ಯಾಂಪೂ ಹೋಯ್ತು, ಮೇಲೆ ಕೂಲಿನೂ ಹೋಯ್ತು. ಸೈಟಿನ ಹೊರಗೆ ವ್ಯವಹಾರ ಮಾಡಿದ್ದರಿಂದ ಸೈಟಿನವರು ಕಣ್ಣೆತ್ತಿಯೂ ನೋಡಲ್ಲ.

ಈಗ ನಿಮ್ಮ ಮುಕ್ಕಾಲು ಪಾಲಿನ ಲೆಕ್ಕ. ಸ್ಟ್ಯಾಂಪ್ 100ಕ್ಕೆ ಹೋಯ್ತು, ಅಂಚೆ ಖರ್ಚು ಅಂತ 20 ತಗೊಂಡಿರಿ ಅಂತ ಇಟ್ಕೊಳ್ಳಿ. ಕಮಿಷನ್ ಶೇ. 13 ಅಂದರೆ ನೀವು 13 ಅಂದುಕೊಳ್ತೀರಿ. ಅದು ಹಾಗಲ್ಲ. ಬಹಳಷ್ಟು ಸೈಟುಗಳು ಅಂಚೆ ಖರ್ಚನ್ನೂ ಸೇರಿಸಿ ಕಮಿಷನ್ ಹಾಕ್ತವೆ. 120ರ ಮೇಲೆ ಶೇ. 13 ಅಂದರೆ 15.60. ‘ಪ್ರಚಾರ ಬೇಕೇ?’ ಅಂತ ಒಂದು ಟಿಕ್ ಇರುತ್ತೆ ನೋಡಿ, ಅದನ್ನು ಒತ್ತಿದ್ದರೆ ಇನ್ನೊಂದು ಶೇ. 5, ಅಂದರೆ 6. ಅಂಚೆಗೆ ನಿಜವಾಗಿ 20 ಖರ್ಚಾಯ್ತು. ಲಕೋಟೆ, ರಟ್ಟು, ಪ್ಲಾಸ್ಟಿಕ್ ಚೀಲಕ್ಕೆ 3. ಕೈಗೆ ಉಳಿದದ್ದು 75.40. ಕೊಂಡವರು ಬೇರೆ ದೇಶದವರಾದರೆ ಕರೆನ್ಸಿ ಬದಲಾವಣೆಯಲ್ಲಿ ಇನ್ನಷ್ಟು ಸೋರುತ್ತೆ.

ಅಂಚೆ ಖರ್ಚಿನ ಮೇಲೆ ಯಾಕೆ ಕಮಿಷನ್ ಅಂತ ಸಿಟ್ಟು ಬರುತ್ತೆ ಅಲ್ವಾ? ತಪ್ಪು ಮಾರುವವರದ್ದೂ ಇದೆ. ಒಂದು ಕಾಲದಲ್ಲಿ ಜನ ವಸ್ತುವಿನ ಬೆಲೆ 1 ಅಂತ ಹಾಕಿ ಅಂಚೆ ಖರ್ಚು 50 ಅಂತ ಹಾಕೋರು. ಕಮಿಷನ್ ಬರೀ 1ರ ಮೇಲೆ. 2011ರಲ್ಲಿ ಈಬೇ ಅನ್ನೋ ದೊಡ್ಡ ಹರಾಜು ಸೈಟು ಅಂಚೆ ಖರ್ಚಿನ ಮೇಲೂ ಕಮಿಷನ್ ಹಾಕಲು ಶುರು ಮಾಡಿ ಆ ಕಿಂಡಿ ಮುಚ್ಚಿತು.

ಇನ್ನೊಂದು ಮಾತು. ಕನಿಷ್ಠ ಬೆಲೆ ಗುಟ್ಟಾಗಿ ಇಡೋದಕ್ಕೆ ಬೇರೆ ಶುಲ್ಕ ಇರಬಹುದು, ಮಾರಾಟ ಆಗದಿದ್ದರೂ ಅದನ್ನು ಕಟ್ಟಬೇಕಾಗಬಹುದು. ಅದರ ಬದಲು ಶುರುವಿನ ಬೆಲೆಯನ್ನೇ ನಿಮಗೆ ಒಪ್ಪುವಷ್ಟು ಇಡಿ. ಡಬ್ಬದ ಬಿಡಿ ಸ್ಟ್ಯಾಂಪನ್ನು ಒಂದೊಂದಾಗಿ ಹಾಕಬೇಡಿ. ಪ್ರತಿ ಆರ್ಡರಿಗೂ ಒಂದು ಚಿಕ್ಕ ಖಾಯಂ ಶುಲ್ಕ ಇರುತ್ತೆ, ಅಗ್ಗದ ವಸ್ತುವಿನಲ್ಲಿ ಅದೇ ನುಂಗಿಬಿಡುತ್ತೆ. ನೂರು ನೂರಾಗಿ ಕಟ್ಟಿ ಹಾಕಿ.

ಆದರೆ ಕಮಿಷನ್ ಬಗ್ಗೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಅದು ಮೊದಲೇ ಗೊತ್ತಿರುವ ನಷ್ಟ. ನಾನು ಕೈಸುಟ್ಟುಕೊಂಡದ್ದು ವಾಪಸಾತಿಯಲ್ಲಿ.

ಒಮ್ಮೆ ಒಂದು ಬೆಳ್ಳಿ ನಾಣ್ಯ ಮಾರಿದೆ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಒಂದೇ ಫೋಟೊ, ಅದೂ ಮಸುಕು. ಕೊಂಡವನು ಒಂಬತ್ತನೇ ದಿನಕ್ಕೆ ‘ವಿವರಿಸಿದ ಹಾಗಿಲ್ಲ’ ಅಂತ ದೂರು ಹಾಕಿದ. ವಾಪಸ್ ಬಂದ ನಾಣ್ಯ ಅದೇ ವರ್ಷದ್ದು, ಅದೇ ಮುಖದ್ದು, ಆದರೆ ನನ್ನದಲ್ಲ. ಕೆನ್ನೆಯ ಮೇಲೆ ಉದ್ದಕ್ಕೆ ಗೀರು, ಅಂಚು ಸವೆದಿತ್ತು. ಬದಲಾಯಿಸಿದ್ದಾನೆ ಅಂತ ನಾನು ಬಡ್ಕೊಂಡೆ. ಸೈಟಿನವರು ನನ್ನ ಫೋಟೊ ನೋಡಿ, ಇದರಲ್ಲಿ ಗೀರು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಅಂದರು. ನಿಜ ಹೇಳಬೇಕಂದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಪೂರ್ತಿ ದುಡ್ಡು ಅವನಿಗೆ, ವಾಪಸ್ ಅಂಚೆ ಖರ್ಚೂ ನನ್ನ ತಲೆಗೆ.

ಎರಡು ವರ್ಷ ಬಿಟ್ಟು ಒಂದು ಪೆನ್ನಿ ಬ್ಲ್ಯಾಕ್ ಮಾರಿದೆ, ನಿಮ್ಮ ಹಾಗೇ. 1840ರಲ್ಲಿ ಬಂದ ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿ ಅನ್ನೋ ಹೆಸರು ದೊಡ್ಡದು. ಆದರೆ ಅದು ಅಷ್ಟೇನೂ ಅಪರೂಪವಲ್ಲ, ಸುಮಾರು 6.8 ಕೋಟಿ ಅಚ್ಚಾಗಿದ್ದವು. ಬೆಲೆ ನಿಂತಿರೋದು ಅಂಚಿನ ಮೇಲೆ. ಆಗ ತೂತು ಹೊಡೆದ ಹಾಳೆ ಇರಲಿಲ್ಲ, ಕತ್ತರಿಯಲ್ಲಿ ಕತ್ತರಿಸಿ ಕೊಡೋರು. ನಾಲ್ಕೂ ಕಡೆ ಬಿಳಿ ಅಂಚು ಉಳಿದದ್ದಕ್ಕೆ ಒಂದು ಬೆಲೆ, ಒಂದು ಕಡೆ ಚಿತ್ರಕ್ಕೇ ಕತ್ತರಿ ಬಿದ್ದಿದ್ದರೆ ಇನ್ನೊಂದು ಬೆಲೆ. ನನ್ನದು ನಾಲ್ಕು ಅಂಚಿನದು.

ಅದರ ಕೆಳಗಿನ ಎರಡು ಮೂಲೆ ನೋಡಿ. ಒಂದೊಂದು ಅಕ್ಷರ ಇರುತ್ತೆ. ಒಂದು ಹಾಳೆಯಲ್ಲಿ 240 ಸ್ಟ್ಯಾಂಪು: 20 ಸಾಲು, ಸಾಲಿಗೆ 12. ಎಡಗಡೆ ಅಕ್ಷರ ಸಾಲನ್ನು ಹೇಳುತ್ತೆ, ಬಲಗಡೆಯದು ಆ ಸಾಲಿನಲ್ಲಿ ಎಷ್ಟನೆಯದು ಅಂತ. ನನ್ನದು ಕೆ-ಡಿ. ಅಂದರೆ ಹನ್ನೊಂದನೇ ಸಾಲಿನ ನಾಲ್ಕನೆಯದು. ಕೊಂಡವನು ಇದನ್ನೂ ವಾಪಸ್ ಕಳಿಸಿದ. ಬಂದ ಪಾರ್ಸೆಲನ್ನು ಫೋನ್ ಕ್ಯಾಮೆರಾ ಮುಂದೆ ಇಟ್ಟು, ವಿಡಿಯೊ ನಡೀತಿರುವಾಗಲೇ ಕತ್ತರಿಸಿದೆ. ಒಳಗಿದ್ದ ಸ್ಟ್ಯಾಂಪಿಗೂ ನನ್ನದರ ಹಾಗೇ ಅಂಚೆಯವರ ಕೆಂಪು ಮುದ್ರೆಯೇ, ಬಣ್ಣವೂ ಹೆಚ್ಚುಕಡಿಮೆ ಅದೇ. ಭೂತಗನ್ನಡಿ ಹಿಡಿದು ಎಡ ಮೂಲೆ ನೋಡಿದೆ. ಕೆ ಅಲ್ಲ, ಎಚ್. ಮುದ್ರೆಯ ಮಸಿ ಹರಡಿದ್ದರಿಂದ ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣ್ತಿತ್ತು. ಕೆಳಗಡೆ ಅಂಚೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಕೆ-ಡಿ ಅಂತ ಬರೆದಿತ್ತು, ಮೂಲೆಯ ಫೋಟೊ ದೊಡ್ಡದಾಗಿ ಹಾಕಿದ್ದೆ. ಹನ್ನೊಂದು ದಿನಕ್ಕೆ ತೀರ್ಪು ನನ್ನ ಕಡೆ ಬಂತು.

ಹಾಗಾಗಿ ನನ್ನ ಒಂದೇ ಮಾತು: ಕಳಿಸುವ ಮೊದಲೇ, ನಿಮ್ಮ ವಸ್ತುವನ್ನು ಅದರಂಥದ್ದೇ ಇನ್ನೊಂದರಿಂದ ಬೇರೆ ಮಾಡುವ ಗುರುತು ಯಾವುದು ಅಂತ ಹುಡುಕಿ, ಅದನ್ನೇ ಬರೆದು ಫೋಟೊ ಹಾಕಿ. ನಾಣ್ಯವಾದರೆ ತಕ್ಕಡಿ ಮೇಲಿಟ್ಟ ಫೋಟೊನೂ ಇರಲಿ. ಬೆನ್ನಿನ ಫೋಟೊ ಮರೀಬೇಡಿ. ಆಲ್ಬಂನಿಂದ ಕೀಳುವಾಗ ಕಾಗದ ತೆಳುವಾದ ಜಾಗ ಇದ್ದರೆ ನೀವೇ ಹೇಳಿಬಿಡಿ. ‘ಇದ್ದ ಹಾಗೇ ಮಾರುತ್ತಿದ್ದೇನೆ’ ಅಂತ ಒಂದು ಸಾಲು ಬರೆದರೆ ಮುಗೀತು ಅಂದುಕೊಂಡಿರ್ತಾರೆ ಜನ. ‘ವಿವರಿಸಿದ ಹಾಗಿಲ್ಲ’ ಅನ್ನೋ ದೂರಿನ ಮುಂದೆ ಆ ಸಾಲು ನಿಲ್ಲಲ್ಲ.

ನಾಣ್ಯದ ಹುಚ್ಚು

ಭೂತಗನ್ನಡಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಅಂಚೆ ಕೌಂಟರಿನಲ್ಲೇ ತೂಕ ಹಾಕಿಸಿ, ತೂಕ ಬರೆದ ರಸೀದಿ ಇಟ್ಕೊಳ್ಳಿ. ನನಗೆ ‘ಖಾಲಿ ಡಬ್ಬ ಬಂತು’ ಅಂತ ದೂರು ಬಂದಿತ್ತು. ರಸೀದಿಯಲ್ಲಿ 94 ಗ್ರಾಂ. ಅದೇ ಅಳತೆಯ ಖಾಲಿ ಡಬ್ಬ ತೂಗಿ ಫೋಟೊ ಕಳಿಸಿದೆ, 41 ಗ್ರಾಂ. ದೂರು ಬಿದ್ದುಹೋಯ್ತು.

ದುಡ್ಡು ಕೊಟ್ಟ ಮೇಲೆ ‘ವಿಳಾಸ ಬದಲಾಗಿದೆ, ಇಲ್ಲಿಗೆ ಕಳಿಸಿ’ ಅಂದರೆ ಕಳಿಸಬೇಡಿ. ಆರ್ಡರಿನಲ್ಲಿರುವ ವಿಳಾಸ ಬಿಟ್ಟು ಬೇರೆ ಕಡೆ ಕಳಿಸಿದರೆ ಮಾರುವವರಿಗೆ ಇರುವ ರಕ್ಷಣೆ ಹೋಗುತ್ತೆ. ಆರ್ಡರ್ ರದ್ದು ಮಾಡಿ, ಹೊಸ ವಿಳಾಸದಿಂದ ಮತ್ತೆ ಕೊಳ್ಳಲು ಹೇಳಿ. ನಿಜವಾದ ಗಿರಾಕಿ ಬೇಜಾರು ಮಾಡ್ಕೊಳ್ಳಲ್ಲ.

ಸುತ್ತಿಗೆ ಪೆಟ್ಟು

ಇಷ್ಟೆಲ್ಲ ತಲೆನೋವು ಯಾಕೆ? ಹಳೇ ಹರಾಜು ಸಂಸ್ಥೆಗೆ ಕೊಟ್ಟುಬಿಡಿ. ಅವರೇ ಫೋಟೊ ತೆಗೀತಾರೆ, ಅವರೇ ದುಡ್ಡು ವಸೂಲಿ ಮಾಡ್ತಾರೆ. ಮಾರುವವರ ಕಮಿಷನ್ ಶೇ. 10 ಅಥವಾ 15 ಅಷ್ಟೇ. ಮೇಲಿನದ್ದನ್ನು ಕೊಳ್ಳುವವರು ಕಟ್ತಾರೆ, ನಮಗೇನು?

ಭೂತಗನ್ನಡಿ

@ಸುತ್ತಿಗೆ ಪೆಟ್ಟು, ನಮಗೇನು ಅಂದ್ರಲ್ಲ, ಅಲ್ಲೇ ಇರೋದು ವಿಷಯ. ಕೊಳ್ಳುವವರ ಮೇಲೆ ಶೇ. 25 ಹಾಕ್ತಾರೆ ಅಂದುಕೊಳ್ಳಿ. ಒಟ್ಟು 100 ಖರ್ಚು ಮಾಡ್ತೀನಿ ಅಂತ ಬಂದವನು 80ಕ್ಕೆ ಕೈ ಇಳಿಸ್ತಾನೆ, ಯಾಕಂದ್ರೆ 80ಕ್ಕೆ 20 ಸೇರಿ 100 ಆಗುತ್ತೆ ಅಂತ ಅವನಿಗೆ ಗೊತ್ತು. ಆ 80ರಲ್ಲಿ ನಿಮ್ಮ ಶೇ. 15 ಹೋದರೆ 68. ವಿಮೆ, ಫೋಟೊ ಅಂತ ಇನ್ನೂ ಸ್ವಲ್ಪ. ಕೊಳ್ಳುವವರಿಂದ ಶುಲ್ಕ ಕೀಳುವುದನ್ನು ಕ್ರಿಸ್ಟೀಸ್, ಸದಬೀಸ್ ಅನ್ನೋ ದೊಡ್ಡ ಹರಾಜು ಸಂಸ್ಥೆಗಳು ಎರಡೂ 1975ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದವು, ಆಗ ಶೇ. 10 ಇತ್ತು. ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗೆ ಆಗಬಾರದು.

ಆದರೂ ನಿಮ್ಮ ಮಾತು ಪೂರ್ತಿ ತಳ್ಳಿಹಾಕಲ್ಲ. ಒಳ್ಳೇ ವಸ್ತುವಿಗೆ ಅಲ್ಲಿ ತಿಳಿದವರು ಬರ್ತಾರೆ, 80ರ ಬದಲು 150 ಕೂಗಬಹುದು. ಸಾಮಾನ್ಯ ವಸ್ತುವಿಗೆ ಮಾತ್ರ ಲಾಭ ಇಲ್ಲ.

ಆಲ್ಬಂ ವಾರಸುದಾರ

ತುಂಬ ಥ್ಯಾಂಕ್ಸ್. ಪ್ರಚಾರದ ಟಿಕ್ ಒತ್ತಿದ್ದೆ, ಈಗ ಗೊತ್ತಾಯ್ತು. ಆ ಮೆಸೇಜಿನವನನ್ನು ಬ್ಲಾಕ್ ಮಾಡಿದೆ. ಅರ್ಧ ಗಂಟೆಯಲ್ಲಿ ಅದೇ ಮಾತು ಇನ್ನೊಂದು ಹೆಸರಿನಿಂದ ಬಂತು!

ಎರಡು ಸಂದೇಹ. ದುಡ್ಡು ಬಂದ ಮೇಲೆ ಎಷ್ಟು ದಿನ ಕಾಯಬೇಕು? ಮತ್ತೆ, ಕೊಂಡವರು ‘ಸ್ವಲ್ಪ ದೋಷ ಇದೆ, ಅರ್ಧ ದುಡ್ಡು ವಾಪಸ್ ಮಾಡಿ, ಸ್ಟ್ಯಾಂಪ್ ನಾನೇ ಇಟ್ಕೊಳ್ತೀನಿ’ ಅಂದರೆ?

ಭೂತಗನ್ನಡಿ

ಎರಡನೆಯದಕ್ಕೆ ಮೊದಲು. ಅರ್ಧ ವಾಪಸ್ ಬೇಡವೇ ಬೇಡ. ‘ವಸ್ತು ಕಳಿಸಿ, ಪೂರ್ತಿ ದುಡ್ಡು ಕೊಡ್ತೀನಿ’ ಅಂತ ಮರ್ಯಾದೆಯಿಂದ ಬರೀರಿ, ಸೈಟಿನ ಮೆಸೇಜಿನಲ್ಲೇ ಬರೀರಿ. ನನಗೆ ಹೀಗೆ ಕೇಳಿದ ಐದು ಜನರಲ್ಲಿ ನಾಲ್ವರು ಮತ್ತೆ ಮಾತಾಡಲಿಲ್ಲ. ಐದನೆಯವರು ಕಳಿಸಿದರು. ನೋಡಿದರೆ ಬೆನ್ನಿನಲ್ಲಿ ನಿಜವಾಗಿಯೂ ತೆಳುವಾದ ಜಾಗ ಇತ್ತು. ನಾನೇ ನೋಡಿರಲಿಲ್ಲ. ಕ್ಷಮೆ ಕೇಳಿ ದುಡ್ಡು ಕೊಟ್ಟೆ.

ಕಾಯೋದು ಎಷ್ಟು ಅಂದರೆ, ಸೈಟಿನ ವಾಪಸಾತಿ ಗಡುವು ಸಾಮಾನ್ಯವಾಗಿ ಒಂದು ತಿಂಗಳ ಆಸುಪಾಸು. ಅದು ಮುಗಿದರೂ ನಿಶ್ಚಿಂತೆ ಅಲ್ಲ. ಪೇಪ್ಯಾಲ್ ಅನ್ನೋ ಆನ್‌ಲೈನ್ ಪಾವತಿ ಸೇವೆಯಲ್ಲಿ ದುಡ್ಡು ಕೊಟ್ಟು ಕೊಂಡವರು 180 ದಿನದವರೆಗೆ ದೂರು ಹಾಕಬಹುದು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ದುಡ್ಡು ಎಳೆದುಕೊಳ್ಳೋಕೆ ತಿಂಗಳುಗಟ್ಟಲೆ ಅವಕಾಶ ಇರುತ್ತೆ. ದುಬಾರಿ ವಸ್ತುವಿನ ದುಡ್ಡನ್ನು ನಾನು ಆರು ತಿಂಗಳು ಮುಟ್ಟಲ್ಲ. ಫೋಟೊ, ರಸೀದಿ, ಮೆಸೇಜ್ ಎಲ್ಲ ಒಂದು ಫೋಲ್ಡರಿನಲ್ಲಿ ಅಲ್ಲಿಯವರೆಗೆ ಇರುತ್ತವೆ. ಸಹಿ ಹಾಕಿಸಿಕೊಂಡು ಕೊಡುವ ಅಂಚೆಯಲ್ಲೇ ಕಳಿಸಿ.

ಅಂದ ಹಾಗೆ, ನಿಮ್ಮ ಪೆನ್ನಿ ಬ್ಲ್ಯಾಕ್‌ನ ಅಕ್ಷರ ಯಾವುದು?

ಆಲ್ಬಂ ವಾರಸುದಾರ

ಈಗ ನೋಡಿದೆ. ಎಡಗಡೆ ಟಿ, ಬಲಗಡೆ ಎ. ಮುದ್ರೆ ಕೆಂಪು. ಎಡಭಾಗದಲ್ಲಿ ಮಾತ್ರ ಬಿಳಿ ಕಾಗದ ಸುಮಾರು ಅರ್ಧ ಬೆರಳು ಅಗಲ ಉಳಿದಿದೆ, ಅದರ ಮೇಲೆ ಅಡ್ಡಡ್ಡ ಅರ್ಧಂಬರ್ಧ ಅಕ್ಷರಗಳಿವೆ. ಮಾವ ಯಾಕೆ ಅದನ್ನು ಹಾಗೇ ಬಿಟ್ಟಿದ್ದರೋ. ಫೋಟೊದಲ್ಲಿ ಚೆನ್ನಾಗಿ ಕಾಣಲ್ಲ ಅಂತ ಕತ್ತರಿಸಿ ನೀಟಾಗಿ ಮಾಡೋಣ ಅಂತಿದ್ದೆ.

ಭೂತಗನ್ನಡಿ

ಕತ್ತರಿ ಕೆಳಗಿಡಿ! ಈಗಲೇ!

ಟಿ ಅಂದರೆ ಕೊನೇ ಸಾಲು, ಎ ಅಂದರೆ ಮೊದಲನೆಯದು. ನಿಮ್ಮದು ಹಾಳೆಯ ಎಡ ಕೆಳಮೂಲೆಯದು. ಆ ಬಿಳಿ ಪಟ್ಟಿ ಹಾಳೆಯ ಅಂಚು ಇರಬೇಕು. ಆಗಿನ್ನೂ ಜನಕ್ಕೆ ಸ್ಟ್ಯಾಂಪ್ ಅಂಟಿಸೋದೇ ಗೊತ್ತಿರಲಿಲ್ಲ. ಒಂದಕ್ಕೆ ಎಷ್ಟು ಬೆಲೆ, ಕಾಗದದ ಮೇಲೆ ಎಲ್ಲಿ ಅಂಟಿಸಬೇಕು ಅಂತ ಹಾಳೆಯ ಅಂಚಿನಲ್ಲೇ ಅಚ್ಚು ಹಾಕಿರೋರು. ನಿಮಗೆ ಕಾಣ್ತಿರುವ ಅರ್ಧ ಅಕ್ಷರ ಅದರದ್ದೇ ಇರಬಹುದು. ನಿಮ್ಮ ಮಾವನಿಗೆ ಗೊತ್ತಿತ್ತು, ಅದಕ್ಕೇ ಬಿಟ್ಟಿದ್ದಾರೆ.

ಇನ್ನೂ ಯಾರೂ ಕೂಗಿಲ್ಲ ಅಂದರೆ ಇವತ್ತೇ ಪಟ್ಟಿಯಿಂದ ತೆಗೀರಿ. ಮೊದಲು ಸ್ಟ್ಯಾಂಪ್ ಅಸಲಿ ಅಂತ ಹೇಳುವ, ಫೋಟೊ ಅಂಟಿಸಿದ ಸರ್ಟಿಫಿಕೇಟ್ ಮಾಡಿಸಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿ ಅನ್ನೋ ಸ್ಟ್ಯಾಂಪ್ ಸಂಗ್ರಾಹಕರ ಸಂಘದ ತಜ್ಞರ ಸಮಿತಿ 1894ರಿಂದ ಇದೇ ಕೆಲಸ ಮಾಡ್ತಿದೆ. ಶುಲ್ಕ ಆಗುತ್ತೆ, ಆಗಲಿ. ಸುತ್ತಿಗೆ ಪೆಟ್ಟು ಅವರೇ, ಈ ಒಂದು ಸ್ಟ್ಯಾಂಪಿನ ಮಟ್ಟಿಗೆ ನಿಮ್ಮ ಹರಾಜು ಸಂಸ್ಥೆಯ ಮಾತೇ ಸರಿ.

ಬೆರಳಲ್ಲಿ ಮುಟ್ಟಬೇಡಿ, ಚಿಮಟದಲ್ಲಿ ಹಿಡಿದು, ಹಗಲು ಬೆಳಕಲ್ಲಿ ಕಿಟಕಿ ಹತ್ತಿರ ಮುಂದಿನದ್ದೂ ಬೆನ್ನಿನದ್ದೂ ಫೋಟೊ ತೆಗೆದು ಇಲ್ಲಿ ಹಾಕಿ. ಆ ಪಟ್ಟಿಯ ಅಕ್ಷರ ನನಗೂ ಓದಬೇಕು.