ಸ್ಕ್ಯಾನ್ ನಾರ್ಮಲ್, ಕೂತಾಗ ತಲೆನೋವಿಲ್ಲ. 9 ದಿನಕ್ಕೆ ಸೆಮಿಫೈನಲ್ ಇದೆ, ಆಡಬಹುದಾ?

ಸೆಂಟರ್‌ಬ್ಯಾಕ್4

ನಾನು ಯೂನಿವರ್ಸಿಟಿ ಫುಟ್‌ಬಾಲ್ ತಂಡದಲ್ಲಿ ಡಿಫೆಂಡರ್. ವಯಸ್ಸು 20. 11 ದಿನದ ಹಿಂದೆ ಕಾರ್ನರ್ ಬಾಲ್‌ಗೆ ಹೆಡ್ ಮಾಡಲು ಎಗರಿದೆ. ಎದುರಾಳಿಯೂ ಎಗರಿದ. ಅವನ ಹಣೆ ನನ್ನ ಕಿವಿಯ ಮೇಲ್ಗಡೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಎದ್ದು ಇನ್ನೂ ಹತ್ತು ನಿಮಿಷ ಆಡಿದೆ. ಆ ಹತ್ತು ನಿಮಿಷದಲ್ಲಿ ನಮ್ಮವರು ಒಂದು ಗೋಲು ಹೊಡೆದರು. ನನಗೆ ಅದು ನೆನಪೇ ಇಲ್ಲ. ವಿಡಿಯೋದಲ್ಲಿ ನೋಡಿದರೆ ನಾನೂ ಓಡಿಹೋಗಿ ಗೋಲು ಹೊಡೆದವನನ್ನು ತಬ್ಬಿಕೊಂಡಿದ್ದೇನೆ. ಅದನ್ನು ನೋಡಿದಾಗಿನಿಂದ ಭಯ ಶುರುವಾಗಿದೆ.

ರಾತ್ರಿ ಒಂದು ಸಲ ವಾಂತಿ ಆಯಿತು. ಸಿಟಿ ಸ್ಕ್ಯಾನ್ ಮಾಡಿಸಿದರು, ನಾರ್ಮಲ್. ಈಗ ಸುಮ್ನೆ ಕೂತರೆ ನೋವಿಲ್ಲ. ಆದರೆ ಕ್ಲಾಸಿನಲ್ಲಿ 20 ನಿಮಿಷ ಸ್ಲೈಡ್ ನೋಡಿದರೆ ಅಕ್ಷರ ತೇಲಿದ ಹಾಗೆ ಆಗುತ್ತದೆ. ಗೆಳೆಯರ ಗದ್ದಲ ತಡೆಯೋಕೆ ಆಗಲ್ಲ. ಕೋಚ್ 'ಸ್ಕ್ಯಾನ್ ಸರಿ ಇದೆಯಲ್ಲ' ಅಂತಾರೆ. ಇದನ್ನೆಲ್ಲ ಹೇಳಿದರೆ ಜಾಗ ಹೋಗುತ್ತೆ ಅಂತ ಸುಮ್ಮನಿದ್ದೇನೆ. ಏನು ಮಾಡಲಿ?

ಮೂರನೇಸ್ಲಿಪ್

ಆಡಬೇಡಿ. ಇದು ಕನ್ಕಷನ್ ಇರಬಹುದು, ಅಂದರೆ ಏಟಿಗೆ ಮಿದುಳು ಅಲುಗಾಡಿ ಆಗುವ ಪೆಟ್ಟು. ಪ್ರಜ್ಞೆ ತಪ್ಪದೆ ಆಗುವ ಕನ್ಕಷನ್‌ಗಳೇ ಜಾಸ್ತಿ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್ ನೋಡಿದ್ರಾ? ಇಂಗ್ಲೆಂಡಿನ ಜೋಫ್ರಾ ಆರ್ಚರ್ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕತ್ತಿಗೆ ಬಿತ್ತು. ಪರೀಕ್ಷೆ ಪಾಸಾಗಿ ವಾಪಸ್ ಬಂದು 92ರವರೆಗೆ ಆಡಿದರು. ಮರುದಿನ ಬೆಳಿಗ್ಗೆ ಲಕ್ಷಣ ಕಾಣಿಸಿತು. ಅವರ ಬದಲು ಲಾಬುಶೇನ್ ಬಂದರು, ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್ಕಷನ್ ಸಬ್‌ಸ್ಟಿಟ್ಯೂಟ್ ಅವರೇ. ಸ್ಮಿತ್ ಮುಂದಿನ ಟೆಸ್ಟೂ ಆಡಲಿಲ್ಲ. ಅಂಥವರೇ ಕೂತರು ಅಂದಮೇಲೆ ನೀವೂ ಕೂರಬಹುದು.

ಹಳೇಗೋಲ್‌ಕೀಪರ್

ತಮ್ಮಾ, ನಿನ್ನ ಕೊನೆಯ ಸಾಲು ಓದಿ ನಿದ್ದೆ ಬರಲಿಲ್ಲ. ನಾನೂ ಹಾಗೇ ಸುಮ್ಮನಿದ್ದವಳು.

ನಾನು ಹಾಕಿ ಆಡುತ್ತಿದ್ದೆ, ಡಿಗ್ರಿ ಮೂರನೇ ವರ್ಷ. ಅಭ್ಯಾಸದಲ್ಲಿ ಡೈವ್ ಹೊಡೆದಾಗ ತಲೆ ಗೋಲ್‌ಪೋಸ್ಟ್‌ಗೆ ತಾಗಿತು. ಹೆಲ್ಮೆಟ್ ಇತ್ತು. ಹೆಲ್ಮೆಟ್ ತಲೆಬುರುಡೆ ಕಾಪಾಡುತ್ತದೆ, ಒಳಗೆ ಮಿದುಳು ಅಲುಗಾಡುವುದನ್ನು ತಡೆಯಲ್ಲ. ಅದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದ ಇನ್ನೊಂದು ವಿಷಯ ಹೇಳುತ್ತೇನೆ. ಸೀಸನ್ ಶುರುವಾಗುವ ಮುಂಚೆ ಕಂಪ್ಯೂಟರ್ ಮುಂದೆ ಕೂರಿಸಿ ಬೇಸ್‌ಲೈನ್ ಟೆಸ್ಟ್ ಮಾಡಿಸಿದ್ದರು. ನೆನಪಿನ ಶಕ್ತಿ, ಬಟನ್ ಒತ್ತುವ ವೇಗ, ಅಂಥದ್ದು. ನಾನು ಬೇಕಂತಲೇ ನಿಧಾನವಾಗಿ ಒತ್ತಿದ್ದೆ. ಮುಂದೆ ಏಟು ಬಿದ್ದರೂ ಅಂಕ ಕಡಿಮೆ ಆದ ಹಾಗೆ ಕಾಣಬಾರದು ಅಂತ. ಸೀನಿಯರ್ ಒಬ್ಬಳು ಹೇಳಿಕೊಟ್ಟಿದ್ದಳು. ಆ ಉಪಾಯ ಫಲಿಸಿತು. ನಾಲ್ಕನೇ ದಿನ ಗೋಲ್ ಮುಂದೆ ನಿಂತಿದ್ದೆ.

ಆರನೇ ದಿನ ಒಬ್ಬಳ ಭುಜ ನನ್ನ ದವಡೆಗೆ ತಗುಲಿತು. ಜೋರೇನೂ ಅಲ್ಲ. ಆದರೆ ಆಮೇಲೆ ಐದು ತಿಂಗಳು ಟ್ಯೂಬ್‌ಲೈಟ್ ಕೆಳಗೆ ಕೂರೋಕೆ ಆಗಲಿಲ್ಲ. ಒಂದು ಪುಟ ಓದಿದರೆ ಮೊದಲ ಸಾಲು ಮರೆತುಹೋಗುತ್ತಿತ್ತು. ಸುಮ್ನೆ ಕಣ್ಣೀರು ಬರುತ್ತಿತ್ತು. ಬೇಜಾರು, ಸಿಟ್ಟು, ಅಳು ಇವೂ ಕನ್ಕಷನ್ ಲಕ್ಷಣ ಆಗಿರಬಹುದು ಅಂತ ಯಾರೂ ಹೇಳಿರಲಿಲ್ಲ. ಒಂದು ಸೆಮಿಸ್ಟರ್ ಬಿಟ್ಟೆ. ಟೀಮಿನ ಜಾಗ ಹೋಗುತ್ತೆ ಅಂತ ಬಾಯಿ ಮುಚ್ಚಿಕೊಂಡಿದ್ದೆ ಅಲ್ವಾ, ಆ ಜಾಗ ಹೇಗೂ ಹೋಯಿತು.

12ರಿಂದ 19 ವರ್ಷದ ಆಟಗಾರರ ಮೇಲೆ ಒಂದು ಅಧ್ಯಯನ ನಡೆದಿತ್ತು, 2016ರಲ್ಲಿ ಪ್ರಕಟವಾಯಿತು. ಏಟು ಬಿದ್ದ ಕೂಡಲೇ ಹೊರಬಂದವರು ಸರಾಸರಿ 22 ದಿನದಲ್ಲಿ ಸುಧಾರಿಸಿಕೊಂಡರು. ಆಟ ಮುಂದುವರಿಸಿದವರಿಗೆ 44 ದಿನ ಹಿಡಿಯಿತು. ನೀನು ಆ ಹತ್ತು ನಿಮಿಷ ಆಡಿದ್ದೀಯ. ಆದದ್ದು ಆಯಿತು. ಆದರೆ 11 ದಿನಕ್ಕೆ ಸರಿಹೋಗಲಿಲ್ಲ ಅಂತ ನಿನ್ನ ಮೇಲೆ ನೀನೇ ಸಿಟ್ಟಾಗಬೇಡ.

ಇವತ್ತೇ ಕೋಚ್‌ಗೆ ಹೇಳು. 'ತಲೆನೋವಿದೆ' ಅಂದರೆ ಸಾಲದು. 'ನಾನು ತಬ್ಬಿಕೊಂಡ ಗೋಲು ನನಗೆ ನೆನಪಿಲ್ಲ' ಅಂತ ಹೇಳು. ಅದನ್ನು ಕೇಳಿದ ಮೇಲೂ ಮೈದಾನಕ್ಕೆ ಇಳಿಸುತ್ತಾರೆ ಅಂತ ನನಗೆ ಅನಿಸಲ್ಲ. ಒಂದು ವೇಳೆ ಇಳಿಸುತ್ತೇನೆ ಅಂದರೆ ಡಾಕ್ಟರ್ ಕೈಯಿಂದ ಬರೆಸಿಕೊಂಡು ಬಾ.

ಫಿಸಿಯೋ_ರಿಂಗ್‌ಸೈಡ್

ನಾನು ಸ್ಪೋರ್ಟ್ಸ್ ಫಿಸಿಯೋ. ಸಿಟಿ ಸ್ಕ್ಯಾನ್ ನೋಡುವುದು ರಕ್ತಸ್ರಾವ, ಮೂಳೆ ಮುರಿತ ಇದೆಯಾ ಅಂತ. ಕನ್ಕಷನ್ ಅದರಲ್ಲಿ ಕಾಣಲ್ಲ. ಏಟಿನ ರಭಸಕ್ಕೆ ನರಕೋಶಗಳಲ್ಲಿ ಸೋಡಿಯಂ, ಪೊಟ್ಯಾಸಿಯಂ ಹದ ತಪ್ಪುತ್ತದೆ. ಸರಿಪಡಿಸಲು ಮಿದುಳಿಗೆ ಜಾಸ್ತಿ ಶಕ್ತಿ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ಕಡಿಮೆ ಆಗಿರುತ್ತದೆ. ಹಾಗಾಗಿ ಕೂತಾಗ ಆರಾಮ, ಸ್ಲೈಡ್ ನೋಡಿದರೆ ಸುಸ್ತು.

ಹಾಗಂತ ಕತ್ತಲ ಕೋಣೆಯಲ್ಲಿ ಮಲಗುವುದೂ ತಪ್ಪು. ಮೊದಲ 24ರಿಂದ 48 ಗಂಟೆ ಮಾತ್ರ ವಿಶ್ರಾಂತಿ, ಆಗಲೂ ಮನೆಯೊಳಗೆ ಓಡಾಡಿಕೊಂಡಿರಬಹುದು. ನಿಮ್ಮದು ಆ ಘಟ್ಟ ದಾಟಿದೆ. ಡಾಕ್ಟರ್ ಒಪ್ಪಿದರೆ ನಡಿಗೆ ಅಥವಾ ಸ್ಟೇಷನರಿ ಸೈಕಲ್ ಶುರುಮಾಡಿ. 220ರಲ್ಲಿ ವಯಸ್ಸು ಕಳೆದರೆ ನಿಮ್ಮ ಗರಿಷ್ಠ ಹೃದಯ ಬಡಿತ ಸುಮಾರು 200. ಮೊದಲು ಅದರ 55 ಶೇಕಡಾ, ಅಂದರೆ 110 ದಾಟಬೇಡಿ. ಅದನ್ನು ಮೈ ತಾಳಿಕೊಂಡರೆ ಮುಂದೆ 140ರವರೆಗೆ. ಲಕ್ಷಣ ಸ್ವಲ್ಪ ಹೆಚ್ಚಾದರೆ ಗಾಬರಿ ಬೇಡ. ಲಕ್ಷಣ ಎಷ್ಟಿದೆ ಅಂತ ಹತ್ತಕ್ಕೆ ಅಂಕ ಕೊಟ್ಟುಕೊಳ್ಳಿ. ಅದು ಎರಡು ಅಂಕದೊಳಗೆ ಏರಿ, ಒಂದು ಗಂಟೆಯೊಳಗೆ ಇಳಿದರೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಅಂದಿಗೆ ನಿಲ್ಲಿಸಿ.

ಅದಾದ ಮೇಲೆ ಒಬ್ಬರೇ ಓಟ, ಬಾಲ್ ಜೊತೆ ದಿಕ್ಕು ಬದಲಿಸುವುದು. ತಂಡದ ಜೊತೆ ಇಳಿಯುವ ಮುಂಚೆ ಬಾಗಿಲು ಒಂದಿದೆ. ಕಷ್ಟಪಟ್ಟು ವ್ಯಾಯಾಮ ಮಾಡುವಾಗಲೂ, ಮುಗಿಸಿದ ಮೇಲೂ ಲಕ್ಷಣ ಒಂದೂ ಇರಬಾರದು. ಅದನ್ನು ಡಾಕ್ಟರ್ ನೋಡಿ ಒಪ್ಪಬೇಕು. ಆಮೇಲೆ ಮೈ ತಾಗದ ಅಭ್ಯಾಸ, ಆಮೇಲೆ ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ. ಪ್ರತಿ ಹಂತಕ್ಕೂ ಕನಿಷ್ಠ 24 ಗಂಟೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ತಜ್ಞರ ಒಮ್ಮತದ ಕ್ರಮ ಇದು. ಕ್ಲಾಸಿಗೆ ಪೂರ್ತಿ ಮರಳದೆ ಆಟಕ್ಕೆ ಪೂರ್ತಿ ಮರಳುವ ಹಾಗಿಲ್ಲ ಅಂತಲೂ ಅದರಲ್ಲಿದೆ. ನಿಮಗೆ 20 ನಿಮಿಷದ ಸ್ಲೈಡ್ ಆಗುತ್ತಿಲ್ಲ.

ಕಣ್ಣು, ಸಮತೋಲನ, ಕತ್ತು ಇವನ್ನೂ ಪರೀಕ್ಷೆ ಮಾಡಿಸಿ. ಅಕ್ಷರ ತೇಲುವುದಕ್ಕೆ ಬೇರೆ ವ್ಯಾಯಾಮಗಳಿವೆ. ತಲೆನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿ, ಫಿಟ್ಸ್, ಕೈಕಾಲಲ್ಲಿ ಶಕ್ತಿ ಕುಂದುವುದು, ಎರಡೆರಡು ಕಾಣುವುದು, ವಿಪರೀತ ಮಂಪರು ಯಾವುದಾದರೂ ಬಂದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಸೆಂಟರ್‌ಬ್ಯಾಕ್4

ಲೆಕ್ಕ ಹಾಕಿದೆ. ದಿನಕ್ಕೊಂದು ಹಂತ ಅಂದರೂ 9 ದಿನದಲ್ಲಿ ಮುಗಿಯುತ್ತೆ ಅಲ್ವಾ?

ಫಿಸಿಯೋ_ರಿಂಗ್‌ಸೈಡ್

24 ಗಂಟೆ ಕನಿಷ್ಠ, ಗಡುವಲ್ಲ. ಬಾಗಿಲು ಯಾವ ದಿನ ತೆರೆಯುತ್ತೆ ಅಂತ ಹೇಳೋಕೆ ಆಗಲ್ಲ. ಪಂದ್ಯದ ತಾರೀಖಿನಿಂದ ಹಿಂದಕ್ಕೆ ಎಣಿಸಬೇಡಿ. ಇನ್ನೊಂದು ವಿಷಯ: ಕನ್ಕಷನ್ ಆದವರು ಬೇಗ ಆಟಕ್ಕೆ ಮರಳಿದಾಗ ಮೊಣಕಾಲು, ಪಾದದ ಗಾಯವೂ ಹೆಚ್ಚುವುದನ್ನು ನೋಡಿದ್ದೇವೆ. ಕಾಲಿಗೂ ತಲೆಯೇ ಅಲ್ವಾ ಅಪ್ಪಣೆ ಕೊಡುವುದು.

ಸೆಂಟರ್‌ಬ್ಯಾಕ್4 (12 ದಿನದ ನಂತರ)

ಹೇಳಿದೆ. ಅಕ್ಕ ಹೇಳಿದ ಅದೇ ವಾಕ್ಯ ಹೇಳಿದೆ. ಕೋಚ್ ವಿಡಿಯೋ ತೆಗೆದು ಎರಡು ಸಲ ನೋಡಿದರು, ಏನೂ ಮಾತಾಡಲಿಲ್ಲ. ಸಂಜೆ ಅವರೇ ನನ್ನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಸೆಮಿಫೈನಲ್ ದಿನ ಬೆಂಚಿನಲ್ಲೂ ಕೂರಲಿಲ್ಲ. ಗಲಾಟೆ ಜಾಸ್ತಿ ಅಂತ ಹಾಸ್ಟೆಲ್‌ನಲ್ಲೇ ಇದ್ದೆ. 2-1ರಲ್ಲಿ ಸೋತೆವು. ಎರಡನೇ ಗೋಲು ಬಂದಿದ್ದು ಕಾರ್ನರ್‌ನಿಂದ ಅಂತ ಕೇಳಿ ತುಂಬಾ ಹೊತ್ತು ಅತ್ತೆ.

ಒಬ್ಬ ಲೆಕ್ಚರರ್ ಸ್ಲೈಡ್‌ಗಳನ್ನು ಮೊದಲೇ ಪ್ರಿಂಟ್ ಹಾಕಿಸಿ ಕೊಡುತ್ತಿದ್ದಾರೆ. ಇಂಟರ್ನಲ್ಸ್ ಎರಡು ವಾರ ಮುಂದೆ ಹಾಕಿದ್ದಾರೆ. ನಿನ್ನೆ ಪೂರ್ತಿ 50 ನಿಮಿಷದ ಕ್ಲಾಸ್ ಕೂತೆ, ಅಕ್ಷರ ಅಲ್ಲೇ ನಿಂತಿದ್ದವು. ಸೈಕಲ್‌ನಲ್ಲಿ 140 ಮುಟ್ಟಿದೆ, ಕತ್ತು ಮಾತ್ರ ಬಿಗಿ.

ಹಳೇಗೋಲ್‌ಕೀಪರ್

ಕತ್ತಿನ ವಿಷಯ ಡಾಕ್ಟರ್‌ಗೆ ಹೇಳಿದ್ಯಾ, ತಮ್ಮಾ?

ಸೆಂಟರ್‌ಬ್ಯಾಕ್4

ಹೇಳಿದೆ ಅಕ್ಕ. ನಾಳೆಯಿಂದ ಅದಕ್ಕೂ ಫಿಸಿಯೋ.