ಕಾಸಿನ ಸರದಲ್ಲಿ ರೋಮನ್ ನಾಣ್ಯ: ಒರೆಗೆ ಹಚ್ಚದೆ ಪರೀಕ್ಷೆ ಹೇಗೆ?

ಪ್ರಶ್ನೆ (ದಾವಣಗೆರೆ)
ಹಳೆಯ ಕಾಸಿನ ಸರದ ನಡುವೆ ಕೊಂಡಿ ಬೆಸೆದ ಹಳದಿ ನಾಣ್ಯವೊಂದಿದೆ. ಅಗಲ 19 ಮಿ.ಮೀ., ಕೊಂಡಿ ಸೇರಿ 7.9 ಗ್ರಾಂ. ಒಂದು ಬದಿ ಎಲೆಮಾಲೆ ಮುಡಿದ ತಲೆ, ಇನ್ನೊಂದು ಬದಿ ಕುಳಿತ ಹೆಂಗಸು, ಕೈಯಲ್ಲಿ ಉದ್ದನೆಯ ಕೋಲು ಮತ್ತು ರೆಂಬೆ. ತಲೆಯ ಮೇಲೆ ಉಳಿಯಿಂದ ಕಚ್ಚಿದಂಥ ಗೀರು. ರೋಮನ್ ಚಿನ್ನವೇ? ಅಂಗಡಿಯವರು ಒರೆಗಲ್ಲಿಗೆ ಉಜ್ಜಿ ನೋಡೋಣ ಅನ್ನುತ್ತಾರೆ.

ಉತ್ತರ 1 (ಚಿತ್ರದುರ್ಗ)
ದಯವಿಟ್ಟು ಉಜ್ಜಿಸಬೇಡಿ. ಸವೆದ ಅಂಚು ಮರಳಿ ಬರುವುದಿಲ್ಲ, ಒರೆ ಹೇಳುವುದೂ ಮೇಲ್ಪದರದ ಮಾತನ್ನಷ್ಟೇ.

ನೀವು ಹೇಳಿದ ಚಿತ್ರ ರೋಮನ್ ಚಕ್ರವರ್ತಿ ಟೈಬೀರಿಯಸನದು. ಕುಳಿತವಳು ಅವನ ತಾಯಿ ಲಿವಿಯಾ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಅವಳ ಸುತ್ತ ‘ಪಾಂಟಿಫ್ ಮ್ಯಾಕ್ಸಿಮ್’ (ಪ್ರಧಾನ ಅರ್ಚಕ) ಎಂಬ ಲ್ಯಾಟಿನ್ ಅಕ್ಷರಗಳಿರಬೇಕು. ಇದೇ ಚಿತ್ರ ಬೆಳ್ಳಿಯ ದಿನಾರಿಯಸ್ ಮೇಲೂ ಇದೆ, ಆದರೆ ಅದರ ತೂಕ 3.8 ಗ್ರಾಂ ಆಸುಪಾಸು. ಚಿನ್ನದ ಆರಿಯಸ್ 7.7–7.8. ಹಾಗಾಗಿ ಗಿಲೀಟು ಹಾಕಿದ ದಿನಾರಿಯಸ್ ಆಗಿರಲಾರದು.

ಗೀರು ಕಂಡು ಬೇಸರ ಬೇಡ. 1898ರಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಿಕ್ಕ 501 ಆರಿಯಸ್‌ಗಳಲ್ಲಿ ಬಹುಪಾಲಿನ ಮುಖದ ಮೇಲೆ ಇಂಥದ್ದೇ ಗೀರು ಇದೆ.

ಉತ್ತರ 2 (ದಾವಣಗೆರೆ)
ನೀರಿನಲ್ಲಿ ತೂಗಿ. 0.01 ಗ್ರಾಂ ತೋರಿಸುವ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ತೆಳು ದಾರದಲ್ಲಿ ನಾಣ್ಯವನ್ನು ಪೂರ್ತಿ ಮುಳುಗಿಸಿ, ತಳಕ್ಕೆ ತಾಗಕೂಡದು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಿಮ್ಮ 7.9 ಗ್ರಾಂಗೆ 0.42 ಸುಮಾರು ಬಂದರೆ ಚಿನ್ನ; ಬೆಳ್ಳಿಯಾದರೆ 0.75, ಹಿತ್ತಾಳೆಯಾದರೆ 0.9 ದಾಟುತ್ತದೆ. ಅಕ್ಷರಗಳ ಸಂದಿನಲ್ಲಿ ಗುಳ್ಳೆ ಕೂತರೆ ಅಂಕಿ ಏರಿ ಒಳ್ಳೆಯ ಚಿನ್ನವೂ ಕಳಪೆಯಾಗಿ ಕಾಣುತ್ತದೆ, ನೀರಿಗೆ ಒಂದು ಹನಿ ಸೋಪು ಬೆರೆಸಿ. ಕೊಂಡಿ ಟೊಳ್ಳಾಗಿ ಒಳಗೆ ಅರಗು ತುಂಬಿದ್ದರೂ ಹೀಗೇ ಆಗುತ್ತದೆ.

ಪ್ರಶ್ನೆ ಕೇಳಿದವರು
0.1 ಗ್ರಾಂ ತಕ್ಕಡಿ ಸಾಲದೇ?

ಉತ್ತರ 2
ಸಾಲದು. ಅದು 0.42 ಎಂದು ತೋರಿಸಲಾರದು: 0.4 ಬಂದರೆ ಅಪರಂಜಿಯನ್ನೂ ಮೀರಿದ ಲೆಕ್ಕ, 0.5 ಬಂದರೆ 18 ಕ್ಯಾರೆಟ್ಟಿನ ಹತ್ತಿರ.

ಉತ್ತರ 1
ಚಿನ್ನವಾದರೂ ರೋಮಿನದೇ ಎಂದಾಗಲಿಲ್ಲ. ಇಲ್ಲಿನವರೇ ಹಿಂದೆ ಅನುಕರಿಸಿ ಟಂಕಿಸಿದವೂ ಇವೆ. ಅವುಗಳಲ್ಲಿ ಅಕ್ಷರ ಕರಗಿ ಬರೀ ಗೆರೆಗಳಾಗಿರುತ್ತವೆ, ಮೂಗು ಗಲ್ಲ ಒರಟು. ಅವೂ ಪ್ರಾಚೀನವೇ, ನಕಲಿ ಎಂದು ಕರಗಿಸಬಾರದು. ಈಗಿನ ಎರಕದ ನಕಲು ಬೇರೆ: ಅಂಚಿನ ಸುತ್ತ ಜೋಡಣೆಯ ಗೆರೆ, ಮೈಮೇಲೆ ಸಣ್ಣ ಕುಳಿಗಳು. ಹತ್ತು ಪಟ್ಟು ಭೂತಗನ್ನಡಿ ಸಾಕು.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಹೆಸರು ಹೇಳಿ ಚಿನ್ನದ ನಾಣ್ಯ ಮಾರುವವರನ್ನು ನಂಬಬೇಡಿ. ಅಲ್ಲಿನ ಉತ್ಖನನದಿಂದ ಹೆಸರಾದ ರೋಮನ್ ನಾಣ್ಯಗಳು ಆಗಸ್ಟಸ್, ಟೈಬೀರಿಯಸರ ಬೆಳ್ಳಿಯ ದಿನಾರಿಯಸ್‌ಗಳು. ಹೊಲದಲ್ಲಿ ಸಿಕ್ಕಿದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕೊಂಡಿಯನ್ನಂತೂ ಬಿಡಿಸಬೇಡಿ, ಬೆಸುಗೆಯ ಕಾವಿಗೆ ತಲೆಯ ಮೇಲಿನ ಅಕ್ಷರಗಳೇ ಮೊದಲು ಹಾಳಾಗುವುದು.